ಚೆಕ್ ಪಾಸು ಮಾಡುವ ಬ್ಯಾಂಕು: ಅದರ ಹೊಣೆ ಎಲ್ಲಿಯವರೆಗೆ, ಅದಕ್ಕಿರುವ ರಕ್ಷಣೆ ಎಲ್ಲಿಂದ

ದಾವಣಗೆರೆಯ ಮಂಡಿಪೇಟೆಯಲ್ಲಾಗಲಿ, ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿಗಳಲ್ಲಾಗಲಿ ಚೆಕ್ಕಿನ ಕಾನೂನು ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಕಲಂ 138. ಚೆಕ್ ಬೌನ್ಸ್ ಆದ ಮಾಹಿತಿ ಬಂದ 30 ದಿನಗಳೊಳಗೆ ನೋಟಿಸು ಕೊಡಬೇಕು, ನೋಟಿಸು ತಲುಪಿದ 15 ದಿನಗಳೊಳಗೆ ಹಣ ಬಾರದಿದ್ದರೆ ಕೇಸು ಹಾಕಬಹುದು, ಶಿಕ್ಷೆ 2 ವರ್ಷದವರೆಗೆ ಆಗಬಹುದು ಎಂಬುದೆಲ್ಲ ಅಂಗಡಿಯ ಗುಮಾಸ್ತರಿಗೂ ಬಾಯಿಪಾಠವಾಗಿದೆ. ಆದರೆ ಈ ಕಲಂ ಸೇರಿದ್ದು 1988ರ ತಿದ್ದುಪಡಿಯಿಂದ. ಅದು ಸೇರಿಕೊಂಡ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ 1881ರದು, ಮತ್ತು ಅದರ ಹಳೆಯ ಭಾಗದಲ್ಲಿ ಚೆಕ್ ಬರೆದವನ ತಪ್ಪಿಗಿಂತ ಹೆಚ್ಚಾಗಿ ಚೆಕ್ಕಿಗೆ ಹಣ ಕೊಡುವ ಬ್ಯಾಂಕಿನ ನಡವಳಿಕೆಯ ಬಗ್ಗೆ ನಿಯಮಗಳಿವೆ. ವ್ಯಾಪಾರಸ್ಥರ ಲೆಕ್ಕಪತ್ರ ಬರೆಯುತ್ತ, ಸಣ್ಣ ಸಂಘ ಸಂಸ್ಥೆಗಳ ಲೆಕ್ಕ ತಪಾಸಣೆ ಮಾಡುತ್ತ ಬಂದ ನನಗೆ ಅನ್ನಿಸಿರುವುದು ಇಷ್ಟು: ಈ ಹಳೆಯ ಭಾಗ ಗೊತ್ತಿಲ್ಲದ ಕಾರಣದಿಂದಲೇ ನಮ್ಮ ಜನ ತಮ್ಮದಲ್ಲದ ನಷ್ಟವನ್ನು ತಮ್ಮದೆಂದು ಒಪ್ಪಿಕೊಂಡು ಸುಮ್ಮನಾಗುತ್ತಾರೆ. ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಾವು ಖಾತೆಗೆ ಕಟ್ಟಿದ ಹಣ ಬ್ಯಾಂಕಿನ ತಿಜೋರಿಯಲ್ಲಿ ನಮ್ಮ ಹೆಸರಿನ ಗಂಟಾಗಿ ಇರುತ್ತದೆ ಎಂಬ ಭಾವನೆ ಬಹಳ ಜನರಲ್ಲಿದೆ. ಕಾನೂನು ಹಾಗೆ ನೋಡುವುದಿಲ್ಲ. ಇಂಗ್ಲೆಂಡಿನಲ್ಲಿ 1848ರಲ್ಲಿ ತೀರ್ಮಾನವಾದ ಫೋಲಿ ವಿರುದ್ಧ ಹಿಲ್ ಪ್ರಕರಣದಿಂದ ಇಂದಿನವರೆಗೂ ನಿಂತಿರುವ ತತ್ವವೆಂದರೆ, ಕಟ್ಟಿದ ಕೂಡಲೇ ಆ ಹಣ ಬ್ಯಾಂಕಿನದಾಗುತ್ತದೆ, ಬ್ಯಾಂಕು ನಮಗೆ ಅಷ್ಟು ಮೊತ್ತದ ಸಾಲಗಾರನಾಗುತ್ತದೆ. ಆ ಸಾಲದಲ್ಲಿ ಇಷ್ಟನ್ನು ಇಂಥವರಿಗೆ ಕೊಡು ಎಂದು ನಾವು ಬರೆದುಕೊಡುವ ಆದೇಶವೇ ಚೆಕ್ಕು. ಇದು ಶಾಸ್ತ್ರದ ಮಾತಿನಂತೆ ಕಂಡರೂ ಇದರ ಪರಿಣಾಮ ದೊಡ್ಡದು. ನಮ್ಮ ಆದೇಶವಿಲ್ಲದೆ ಬ್ಯಾಂಕು ಯಾರಿಗೋ ಹಣ ಕೊಟ್ಟರೆ ಅದು ಕೊಟ್ಟದ್ದು ತನ್ನ ಹಣವನ್ನೇ ಹೊರತು ನಮ್ಮದನ್ನಲ್ಲ. ನಮಗೆ ಅದು ತೀರಿಸಬೇಕಾದ ಸಾಲ ಒಂದು ಪೈಸೆಯೂ ಕಡಿಮೆಯಾಗದೆ ಹಾಗೆಯೇ ಉಳಿದಿರುತ್ತದೆ.

ಬ್ಯಾಂಕಿನ ಮೊದಲ ಕರ್ತವ್ಯ ಹಣ ಕೊಡುವುದು. ಖಾತೆಯಲ್ಲಿ ಸಾಕಷ್ಟು ಹಣವಿದ್ದು, ಆ ಹಣವನ್ನು ಆ ಚೆಕ್ಕಿಗೆ ಬಳಸಲು ಅಡ್ಡಿಯಿಲ್ಲದಿದ್ದು, ಚೆಕ್ಕನ್ನು ಸರಿಯಾದ ರೀತಿಯಲ್ಲಿ ಹಾಜರುಪಡಿಸಿದರೆ ಬ್ಯಾಂಕು ಕೊಡಲೇಬೇಕು. ಕೊಡದಿದ್ದರೆ ಚೆಕ್ ಬರೆದವರಿಗೆ ಆದ ನಷ್ಟವನ್ನು ತುಂಬಿಕೊಡಬೇಕು ಎಂದು ಕಲಂ 31 ಹೇಳುತ್ತದೆ. ಪರಿಹಾರ ಸಿಗುವುದು ಚೆಕ್ ಬರೆದವರಿಗೆ ಎಂಬುದನ್ನು ಗಮನಿಸಬೇಕು. ಜಗಳೂರು ಕಡೆಯ ರೈತರೊಬ್ಬರು ಮೆಕ್ಕೆಜೋಳ ಮಾರಿ ದಲಾಲರಿಂದ ಚೆಕ್ ಪಡೆದಿದ್ದಾರೆ, ದಲಾಲರ ಖಾತೆಯಲ್ಲಿ ಹಣವೂ ಇದೆ, ಆದರೂ ಬ್ಯಾಂಕಿನವರ ತಪ್ಪಿನಿಂದ ಹಣ ಸಾಲದು ಎಂಬ ರಿಟರ್ನ್ ಮೆಮೊದೊಂದಿಗೆ ಚೆಕ್ ವಾಪಸು ಬಂದಿದೆ ಎಂದುಕೊಳ್ಳೋಣ. ರೈತರು ದಲಾಲರನ್ನು ಕೇಳಬಹುದು. ದಲಾಲರ ಬ್ಯಾಂಕಿನ ಮೇಲೆ ಈ ಕಲಮಿನಡಿ ರೈತರಿಗೆ ನೇರ ಹಕ್ಕಿಲ್ಲ. ಬ್ಯಾಂಕನ್ನು ಪ್ರಶ್ನಿಸುವ ಹಕ್ಕು ದಲಾಲರದು, ಮತ್ತು ಅದು ಬೆಲೆಯುಳ್ಳ ಹಕ್ಕು. ವ್ಯಾಪಾರಿಯ ಚೆಕ್ಕನ್ನು ತಪ್ಪಾಗಿ ಮರಳಿಸಿದರೆ ಇಂತಿಷ್ಟು ರೂಪಾಯಿ ನಷ್ಟವಾಯಿತೆಂದು ಲೆಕ್ಕ ತೋರಿಸದಿದ್ದರೂ ಅವನ ವಿಶ್ವಾಸಾರ್ಹತೆಗೆ ಬಿದ್ದ ಪೆಟ್ಟಿಗೆ ಪರಿಹಾರ ಕೊಡಬಹುದೆಂಬುದು ಬಹು ಹಿಂದಿನಿಂದ ಬಂದ ತತ್ವ. ಬಾಯಿಮಾತಿನ ನಂಬಿಕೆಯ ಮೇಲೆಯೇ ಸರಕು ಕೈಬದಲಾಗುವ ನಮ್ಮಂಥ ಪೇಟೆಯಲ್ಲಿ ಒಂದು ಚೆಕ್ ವಾಪಸಾದ ಸುದ್ದಿ ಎಷ್ಟು ಬೇಗ ಹರಡುತ್ತದೆ ಎಂದು ಬಲ್ಲವರಿಗೆ ಈ ತತ್ವದ ಹಿಂದಿರುವ ನ್ಯಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊಡುವುದು ಹೇಗೆ ಕರ್ತವ್ಯವೋ, ಕೆಲವು ಸಂದರ್ಭಗಳಲ್ಲಿ ಕೊಡದಿರುವುದೂ ಹಾಗೆಯೇ ಕರ್ತವ್ಯ. ಚೆಕ್ ಬರೆದವರು ಸ್ಟಾಪ್ ಪೇಮೆಂಟ್, ಅಂದರೆ ಈ ಚೆಕ್ಕಿಗೆ ಹಣ ಕೊಡಬೇಡಿ ಎಂದು, ಹೇಳಿದ್ದರೆ, ಅವರು ತೀರಿಕೊಂಡ ಸುದ್ದಿ ಬ್ಯಾಂಕಿಗೆ ಮುಟ್ಟಿದ್ದರೆ, ನ್ಯಾಯಾಲಯ ಖಾತೆಯನ್ನು ಜಪ್ತಿ ಮಾಡಿದ್ದರೆ, ಚೆಕ್ಕಿನ ಮೇಲಿನ ದಿನಾಂಕ ಇನ್ನೂ ಬಂದಿಲ್ಲದಿದ್ದರೆ ಅಥವಾ ಆ ದಿನಾಂಕದಿಂದ 3 ತಿಂಗಳು ಕಳೆದಿದ್ದರೆ ಬ್ಯಾಂಕು ಹಣ ಕೊಡಬಾರದು. ಈ ಅವಧಿ ಮೊದಲು 6 ತಿಂಗಳಿತ್ತು. 2012ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕು ಅದನ್ನು ಇಳಿಸಿತು. ಸ್ಟಾಪ್ ಪೇಮೆಂಟ್ ಹೇಳುವುದು ಖಾತೆದಾರರ ಹಕ್ಕು, ಆದರೆ ಅದರಿಂದ 138ನೇ ಕಲಂ ತಪ್ಪುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1998ರ ಮೋದಿ ಸಿಮೆಂಟ್ಸ್ ಪ್ರಕರಣದಲ್ಲಿ ಹೇಳಿರುವುದನ್ನು ಇಲ್ಲಿಯೇ ತಿಳಿಸಿಬಿಡುತ್ತೇನೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಸಹಿಯ ವಿಷಯ. ಖಾತೆದಾರರ ಸಹಿಯನ್ನೇ ಯಾರಾದರೂ ನಕಲು ಮಾಡಿದ್ದರೆ ಆ ಕಾಗದ ಕಾನೂನಿನ ದೃಷ್ಟಿಯಲ್ಲಿ ಚೆಕ್ಕೇ ಅಲ್ಲ, ಏಕೆಂದರೆ ಅದರಲ್ಲಿ ಖಾತೆದಾರರ ಆದೇಶವಿಲ್ಲ. ನಕಲು ಎಷ್ಟೇ ಚೆನ್ನಾಗಿರಲಿ, ಬ್ಯಾಂಕಿನ ಅಧಿಕಾರಿ ಎಷ್ಟೇ ಪ್ರಾಮಾಣಿಕವಾಗಿ ನೋಡಿ ಪಾಸು ಮಾಡಿರಲಿ, ಆ ಹಣವನ್ನು ಖಾತೆಗೆ ಖರ್ಚು ಬರೆಯುವ ಅಧಿಕಾರ ಬ್ಯಾಂಕಿಗೆ ಬರುವುದಿಲ್ಲ. ಈ ವಿಷಯದಲ್ಲಿ ದೇಶಕ್ಕೆಲ್ಲ ದಾರಿ ತೋರಿಸಿದ ತೀರ್ಪು ನಮ್ಮ ರಾಜ್ಯದಿಂದಲೇ ಹೋದದ್ದು. ಬ್ಯಾಂಕೊಂದರಲ್ಲಿ ಖಾತೆ ಹೊಂದಿದ್ದ ಕೆನರಾ ಸೇಲ್ಸ್ ಕಾರ್ಪೊರೇಷನ್ ಎಂಬ ಕಂಪನಿಯ ಲೆಕ್ಕಿಗನೊಬ್ಬನ ವಶದಲ್ಲಿ ಕಂಪನಿಯ ಚೆಕ್ ಪುಸ್ತಕವಿತ್ತು. ಅವನು ಸಹಿ ನಕಲು ಮಾಡಿ 42 ಚೆಕ್ಕುಗಳ ಮೂಲಕ 3 ಲಕ್ಷದ 26 ಸಾವಿರಕ್ಕೂ ಹೆಚ್ಚು ಹಣ ತೆಗೆದಿದ್ದ. ಇದು ಬಯಲಾದದ್ದು 1961ರಲ್ಲಿ. ಕಂಪನಿಗೆ ಕಾಲಕಾಲಕ್ಕೆ ಪಾಸ್‌ಬುಕ್ ಹೋಗುತ್ತಿತ್ತು, ಲೆಕ್ಕ ತಪಾಸಣೆ ನಡೆಯುತ್ತಿತ್ತು, ಆದರೂ ಕಂಪನಿ ಇಷ್ಟು ಕಾಲ ತಕರಾರು ಎತ್ತಲಿಲ್ಲ, ಆದ್ದರಿಂದ ಈಗ ಕೇಳುವ ಹಕ್ಕಿಲ್ಲ ಎಂಬುದು ಬ್ಯಾಂಕಿನ ವಾದವಾಗಿತ್ತು. ಕೆಳಗಿನ ನ್ಯಾಯಾಲಯವೂ ಹೈಕೋರ್ಟೂ ಆ ವಾದವನ್ನು ಒಪ್ಪಲಿಲ್ಲ. 1987ರಲ್ಲಿ ಸುಪ್ರೀಂ ಕೋರ್ಟ್ ಕೂಡ ಬ್ಯಾಂಕಿನ ಮೇಲ್ಮನವಿಯನ್ನು ತಳ್ಳಿಹಾಕಿತು. ಪಾಸ್‌ಬುಕ್ಕನ್ನು ಪರಿಶೀಲಿಸಿ ತಪ್ಪುಗಳನ್ನು ಬ್ಯಾಂಕಿಗೆ ತಿಳಿಸಬೇಕೆಂಬ ಕಾನೂನಿನ ಕರ್ತವ್ಯ ಖಾತೆದಾರರ ಮೇಲಿಲ್ಲ. ಒಳಾಡಳಿತದಲ್ಲಿ ಅವರು ಅಜಾಗರೂಕರಾಗಿದ್ದರು ಎಂಬುದಷ್ಟರಿಂದಲೇ ನಕಲಿ ಸಹಿಗೆ ಜೀವ ಬರುವುದಿಲ್ಲ. ನಕಲಿಯ ಸಂಗತಿ ತಿಳಿದ ಮೇಲೂ ಅವರು ಸುಮ್ಮನಿದ್ದು ಬ್ಯಾಂಕನ್ನು ದಾರಿ ತಪ್ಪಿಸಿದ್ದರೆ ಮಾತ್ರ ಮಾತು ಬೇರೆ ಎಂಬುದು ಆ ತೀರ್ಪಿನ ತಿರುಳು.

ಈ ತೀರ್ಪಿನ ಬಗ್ಗೆ ನಾನು ಇಷ್ಟು ಒತ್ತಿ ಬರೆಯುವುದಕ್ಕೆ ಕಾರಣವಿದೆ. ಹಳ್ಳಿಯೊಂದರ ಮಹಿಳಾ ಸಂಘದ ಖಾತೆಯಲ್ಲಿ ಅಧ್ಯಕ್ಷರು ಮತ್ತು ಖಜಾಂಚಿ ಇಬ್ಬರ ಜಂಟಿ ಸಹಿ ಇರಬೇಕಾಗಿದ್ದ ಚೆಕ್ಕೊಂದು ಒಂದೇ ಅಸಲಿ ಸಹಿಯ ಮೇಲೆ, ಇನ್ನೊಂದು ನಕಲಿ ಸಹಿಯೊಂದಿಗೆ ಪಾಸಾಗಿತ್ತು. ಸಂಘದ ಅಧ್ಯಕ್ಷೆ ಕಾಗದಗಳ ಚೀಲ ಹಿಡಿದುಕೊಂಡು ಬಂದು, “ಪಾಸ್‌ಬುಕ್ ನೀವು ನೋಡ್ಕೊಳ್ಳಿಲ್ಲ, ತಪ್ಪು ನಿಮ್ದೇ ಅಂತಾರೆ ಸರ್ ಬ್ಯಾಂಕಿನೋರು. ಹೌದೇನ್ರೀ?” ಎಂದು ಕೇಳಿದರು. ಹೌದೆಂದು ಒಪ್ಪಿ ಸದಸ್ಯೆಯರೆಲ್ಲ ಸೇರಿ ನಷ್ಟ ತುಂಬಿಕೊಳ್ಳುವ ಯೋಚನೆಯೂ ಅವರಲ್ಲಿ ಆಗಲೇ ಹುಟ್ಟಿತ್ತು. ಅವರಿಗೆ ನಾನು ತೋರಿಸಿದ್ದು ಇನ್ನೂ ಹಳೆಯದಾದ ಒಂದು ತೀರ್ಪನ್ನು. ಬಿಹಾರದ ಬಿಹ್ಟಾ ಎಂಬಲ್ಲಿನ ಕಬ್ಬು ಬೆಳೆಗಾರರ ಸಹಕಾರ ಒಕ್ಕೂಟದ 11,000 ರೂಪಾಯಿಯ ಚೆಕ್ಕಿನಲ್ಲಿ ಎರಡು ಸಹಿಗಳಲ್ಲಿ ಒಂದು ನಕಲಿಯಾಗಿತ್ತು. ಜಂಟಿ ಸಹಿಯ ಖಾತೆಯಲ್ಲಿ ಒಂದು ಸಹಿ ನಕಲಿಯಾದರೂ ಆದೇಶವೇ ಇಲ್ಲದಂತೆ, ಒಕ್ಕೂಟದ ನೌಕರರ ಅಜಾಗರೂಕತೆಯನ್ನು ಬ್ಯಾಂಕು ಗುರಾಣಿ ಮಾಡಿಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟ್ ಆ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅದು 1967ರ ವರದಿಗಳಲ್ಲಿ ಅಚ್ಚಾಗಿದೆ. ಪಾಸ್‌ಬುಕ್ ನೋಡಿಕೊಳ್ಳುವುದು ಒಳ್ಳೆಯ ರೂಢಿ, ನಾನು ಎಲ್ಲರಿಗೂ ಹೇಳುವುದೂ ಅದನ್ನೇ. ಆದರೆ ಒಳ್ಳೆಯ ರೂಢಿ ತಪ್ಪಿದ್ದಕ್ಕೆ ಬ್ಯಾಂಕಿನ ಹೊಣೆಯನ್ನೇ ಹೊತ್ತುಕೊಳ್ಳಬೇಕು ಎಂದು ಬಡ ಹೆಂಗಸರಿಗೆ ಹೇಳುವುದು ಕಾನೂನೂ ಅಲ್ಲ, ನ್ಯಾಯವೂ ಅಲ್ಲ.

ಹಾಗಾದರೆ ಬ್ಯಾಂಕಿಗೆ ರಕ್ಷಣೆಯೇ ಇಲ್ಲವೇ? ಇದೆ, ಮತ್ತು ಇರಬೇಕಾದದ್ದೇ. ಅದು ನಿಂತಿರುವುದು ಕಲಂ 10 ವಿವರಿಸುವ ಕ್ರಮಬದ್ಧ ಪಾವತಿಯ ಮೇಲೆ. ಚೆಕ್ಕಿನ ಮೇಲೆ ಮೇಲ್ನೋಟಕ್ಕೆ ಕಾಣುವ ಒಕ್ಕಣೆಗೆ ತಕ್ಕಂತೆ, ಸದ್ಭಾವದಿಂದ, ಅಜಾಗರೂಕತೆಯಿಲ್ಲದೆ, ಎದುರಿಗಿರುವ ವ್ಯಕ್ತಿಗೆ ಹಣ ಪಡೆಯುವ ಹಕ್ಕಿಲ್ಲವೆಂದು ಅನುಮಾನಿಸಲು ಕಾರಣವಿಲ್ಲದ ಸಂದರ್ಭದಲ್ಲಿ ಕೊಟ್ಟದ್ದೇ ಕ್ರಮಬದ್ಧ ಪಾವತಿ. ಸದ್ಭಾವ ಒಂದೇ ಇದ್ದರೆ ಸಾಲದು, ಅದರ ಜೊತೆ ಎಚ್ಚರವೂ ಇರಬೇಕು ಎಂಬುದು ನಮ್ಮ ಕಾಯ್ದೆಯ ಪದಗಳಲ್ಲೇ ಇದೆ. ಹಾಗೆ ಕೊಟ್ಟಿದ್ದರೆ ಆರ್ಡರ್ ಚೆಕ್ಕಿನ, ಅಂದರೆ ಹೆಸರಿಸಿದವರಿಗೋ ಅವರು ಹೇಳಿದವರಿಗೋ ಕೊಡಬೇಕಾದ ಚೆಕ್ಕಿನ, ಹಿಂಬರಹ (ಹಣ ಪಡೆಯಬೇಕಾದವರು ಹಿಂದುಗಡೆ ಮಾಡುವ ಸಹಿ) ನಕಲಿಯಾಗಿದ್ದರೂ ಕಲಂ 85 ಬ್ಯಾಂಕನ್ನು ಕಾಪಾಡುತ್ತದೆ. ಇದರ ಹಿಂದಿನ ತರ್ಕ ಸರಳ. ಖಾತೆದಾರರ ಮಾದರಿ ಸಹಿ ಬ್ಯಾಂಕಿನ ಬಳಿ ಇರುತ್ತದೆ, ಹೋಲಿಸಿ ನೋಡುವುದು ಅದರ ಕೆಲಸ. ಹಣ ಪಡೆಯಬೇಕಾದವರು ಹೊಳಲ್ಕೆರೆಯವರೋ ಹರಪನಹಳ್ಳಿಯವರೋ, ಅವರ ಸಹಿ ಹೇಗಿರುತ್ತದೆ ಎಂದು ಬ್ಯಾಂಕಿಗೆ ಗೊತ್ತಾಗುವ ಬಗೆಯಿಲ್ಲ. ಆದರೆ ಹಿಂಬರಹ ನೋಟಕ್ಕಾದರೂ ಸರಿಯಾಗಿರಬೇಕು. ಮುಂದೆ ಬಸವರಾಜಪ್ಪ ಎಂದು ಬರೆದಿರುವ ಚೆಕ್ಕಿನ ಹಿಂದೆ ಬಸಪ್ಪ ಎಂಬ ಸಹಿ ಇದ್ದರೂ ಪ್ರಶ್ನಿಸದೆ ಕೊಟ್ಟ ಬ್ಯಾಂಕಿಗೆ ಆ ಕಲಮಿನ ಆಸರೆ ಸಿಗಲಾರದು. ಬೇರರ್ ಚೆಕ್ಕಿನ ವಿಷಯದಲ್ಲಿ ರಕ್ಷಣೆ ಇನ್ನೂ ಅಗಲವಾದದ್ದು. ಒಮ್ಮೆ ಬೇರರ್ ಚೆಕ್ ಎಂದು ಬರೆದ ಮೇಲೆ ಹಿಂದುಗಡೆ ಯಾರ ಹೆಸರಿಗೆ ಏನೇ ಬರೆದುಕೊಟ್ಟಿದ್ದರೂ ಅದು ಬೇರರ್ ಆಗಿಯೇ ಉಳಿಯುತ್ತದೆ, ತಂದವರಿಗೆ ಕ್ರಮಬದ್ಧವಾಗಿ ಕೊಟ್ಟ ಬ್ಯಾಂಕು ಬಿಡುಗಡೆಯಾಗುತ್ತದೆ. ಅಂಗಡಿ ಹುಡುಗನ ಕೈಯಲ್ಲಿ ಬೇರರ್ ಚೆಕ್ ಕಳಿಸುವವರು ಇದನ್ನು ತಿಳಿದೇ ಕಳಿಸಬೇಕು.

ತಿದ್ದಿದ ಚೆಕ್ಕಿನದು ನಡುವಿನ ಸ್ಥಿತಿ. ಸಹಿ ಅಸಲಿ, ಮೊತ್ತವನ್ನೋ ಹೆಸರನ್ನೋ ಯಾರೋ ಬದಲಿಸಿದ್ದಾರೆ. ಆ ತಿದ್ದುಪಡಿ ಕಣ್ಣಿಗೆ ಕಾಣುವಂತಿಲ್ಲದಿದ್ದರೆ ಮತ್ತು ಪಾವತಿ ಕ್ರಮಬದ್ಧವಾಗಿದ್ದರೆ ಕಲಂ 89ರ ರಕ್ಷಣೆ ಬ್ಯಾಂಕಿಗೆ ಇದೆ. ಬ್ಯಾಂಕ್ ಆಫ್ ಮಹಾರಾಷ್ಟ್ರ ಮತ್ತು ಆಟೋಮೋಟಿವ್ ಎಂಜಿನಿಯರಿಂಗ್ ಕಂಪನಿಯ ನಡುವಿನ ಪ್ರಕರಣದಲ್ಲಿ ಬರಿಗಣ್ಣಿಗೆ ಕಾಣದ ತಿದ್ದುಪಡಿಯನ್ನು ನೇರಳಾತೀತ ದೀಪದ ಕೆಳಗೆ ಹಿಡಿದು ನೋಡಲಿಲ್ಲ ಎಂಬ ಆಕ್ಷೇಪ ಬಂದಿತ್ತು. ಆ ಶಾಖೆಯಲ್ಲಿ ಅಂಥ ದೀಪ ಇರಲಿಲ್ಲ. ಅಷ್ಟರಿಂದಲೇ ಬ್ಯಾಂಕು ಅಜಾಗರೂಕ ಎನ್ನಲಾಗದು ಎಂದು ಸುಪ್ರೀಂ ಕೋರ್ಟ್ 1993ರಲ್ಲಿ ಬ್ಯಾಂಕಿನ ಪರವಾಗಿ ತೀರ್ಮಾನಿಸಿತು. ನನ್ನ ಅಭಿಪ್ರಾಯದಲ್ಲಿ ಅದು ಆ ಕಾಲದ ಸಾಮಾನ್ಯ ಶಾಖೆಗೆ ಒಪ್ಪುವ ಮಾತು. ಅಂಥ ದೀಪ ಕೌಂಟರಿನಲ್ಲೇ ಇದ್ದೂ ದೊಡ್ಡ ಮೊತ್ತದ ಚೆಕ್ಕನ್ನು ಅದರ ಕೆಳಗೆ ಹಿಡಿಯದ ಶಾಖೆ ಇಂದು ಅದೇ ತೀರ್ಪನ್ನು ಮುಂದಿಟ್ಟರೆ ಅದನ್ನು ಒಪ್ಪುವುದು ಕಷ್ಟ, ಏಕೆಂದರೆ ಎಚ್ಚರದ ಅಳತೆ ಕೈಯಲ್ಲಿರುವ ಸಾಧನದೊಂದಿಗೆ ಬೆಳೆಯಬೇಕು.

ಇಲ್ಲಿಯೇ ಖಾತೆದಾರರ ಕರ್ತವ್ಯವೂ ಬರುತ್ತದೆ. ಲಂಡನ್ನಿನ ಸಂಸ್ಥೆಯೊಂದರ ನಂಬಿಕೆಯ ಗುಮಾಸ್ತ ಪಾಲುದಾರರ ಮುಂದೆ 2 ಪೌಂಡಿನ ಚೆಕ್ ಹಿಡಿದು ಸಹಿ ಪಡೆದ. ಅಂಕಿಯ ಎರಡೂ ಪಕ್ಕ ಜಾಗವಿತ್ತು, ಅಕ್ಷರದಲ್ಲಿ ಮೊತ್ತವನ್ನೇ ಬರೆದಿರಲಿಲ್ಲ. ಆಮೇಲೆ ಅವನು ಅದನ್ನು 120 ಪೌಂಡ್ ಮಾಡಿ ಹಣ ಎತ್ತಿಕೊಂಡ. ಆ ನಷ್ಟ ಖಾತೆದಾರರದೇ ಎಂದು 1918ರ ಮ್ಯಾಕ್‌ಮಿಲನ್ ಪ್ರಕರಣದಲ್ಲಿ ತೀರ್ಪಾಯಿತು. ಚೆಕ್ ಬರೆಯುವ ಕ್ರಿಯೆಯಲ್ಲೇ ಅಜಾಗರೂಕತೆ ತೋರಿದರೆ ಬ್ಯಾಂಕನ್ನು ದೂರುವಂತಿಲ್ಲ. ಪಾಸ್‌ಬುಕ್ ನೋಡದಿರುವ ಅಜಾಗರೂಕತೆಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಓದುಗರು ಮನಸ್ಸಿನಲ್ಲಿಡಬೇಕು, ಏಕೆಂದರೆ ತಗಾದೆ ಬಂದಾಗ ಎರಡನ್ನೂ ಒಂದೇ ಎಂಬಂತೆ ಮಾತಾಡುವವರು ಇದ್ದಾರೆ. ನಮ್ಮಲ್ಲಿ ಫೈನಾನ್ಸಿನವರಿಗೆ, ಬೀಜ ಗೊಬ್ಬರದ ಅಂಗಡಿಯವರಿಗೆ ಭದ್ರತೆಗೆಂದು ಸಹಿ ಮಾಡಿದ ಖಾಲಿ ಚೆಕ್ ಕೊಡುವ ಪದ್ಧತಿ ಬೇರೂರಿದೆ. ಅಂಥ ಚೆಕ್ಕನ್ನು ಅವರು ತುಂಬಿಕೊಂಡು ಹಾಜರುಪಡಿಸಿದಾಗ ಹಣ ಕೊಟ್ಟ ಬ್ಯಾಂಕಿನ ಮೇಲೆ ಹರಿಹಾಯುವುದರಲ್ಲಿ ಅರ್ಥವಿಲ್ಲ. ಸಹಿ ನಿಜವಾದದ್ದು, ಆದೇಶವೂ ನಿಜವಾದದ್ದೆಂದೇ ಬ್ಯಾಂಕು ಭಾವಿಸಬೇಕಾಗುತ್ತದೆ.

ಮೇಲೆ ಎರಡು ಗೆರೆ ಎಳೆದು ಕ್ರಾಸ್ ಮಾಡಿದ ಚೆಕ್ಕಿಗೆ ಕೌಂಟರಿನಲ್ಲಿ ನಗದು ಕೊಡುವಂತಿಲ್ಲ, ಬ್ಯಾಂಕಿನ ಮೂಲಕವೇ ಕೊಡಬೇಕು ಎಂದು ಕಲಂ 126 ಹೇಳುತ್ತದೆ. ಅದನ್ನು ಮೀರಿ ಕೊಟ್ಟರೆ ಚೆಕ್ಕಿನ ನಿಜವಾದ ಒಡೆಯರಿಗೆ ಬ್ಯಾಂಕು ಹೊಣೆಯಾಗುತ್ತದೆ ಎಂದು ಕಲಂ 129 ಹೇಳುತ್ತದೆ. ಮೇಲೆ ಹೇಳಿದ ರೈತರಿಗೆ ಇಲ್ಲದ ನೇರ ಹಕ್ಕು ಇಲ್ಲಿ ಹಣ ಪಡೆಯಬೇಕಾದವರಿಗೆ ಸಿಗುತ್ತದೆ, ಆದ್ದರಿಂದ ಎರಡು ಗೆರೆ ಎಳೆಯುವ ಅಭ್ಯಾಸವನ್ನು ನಾನು ಎಲ್ಲರಿಗೂ ಸೂಚಿಸುತ್ತೇನೆ. ಅಕೌಂಟ್ ಪೇಯಿ ಎಂದು ಬರೆದ ಚೆಕ್ಕನ್ನು ಬೇರೆಯವರ ಖಾತೆಗೆ ಜಮಾ ಮಾಡುವುದನ್ನು ರಿಸರ್ವ್ ಬ್ಯಾಂಕು ನಿಷೇಧಿಸಿದೆ. ಪತ್ತಿನ ಸಹಕಾರ ಸಂಘಗಳ ಸದಸ್ಯರ 50,000 ರೂಪಾಯಿ ಮೀರದ ಚೆಕ್ಕುಗಳನ್ನು ಸಂಘದ ಖಾತೆಯ ಮೂಲಕ ವಸೂಲು ಮಾಡಿಕೊಡಲು ಮಾತ್ರ ಬ್ಯಾಂಕುಗಳಿಗೆ ಅವಕಾಶ ಕೊಟ್ಟಿದೆ.

ಬ್ಯಾಂಕುಗಳು ತಮ್ಮ ನಡುವೆ ಚೆಕ್ಕುಗಳನ್ನು ಇತ್ಯರ್ಥ ಮಾಡಿಕೊಳ್ಳುವ ಈಗಿನ ಕ್ಲಿಯರಿಂಗ್ ವ್ಯವಸ್ಥೆಯಲ್ಲಿ ಚೆಕ್ಕಿನ ಕಾಗದ ನಮ್ಮ ಬ್ಯಾಂಕಿಗೆ ಬರುವುದೇ ಇಲ್ಲ. ಚಿತ್ರದುರ್ಗದಲ್ಲಿ ಜಮಾ ಮಾಡಿದ ಚೆಕ್ಕು ಅದನ್ನು ಪಡೆದ ಬ್ಯಾಂಕಿನಲ್ಲಿಯೇ ಉಳಿಯುತ್ತದೆ, ಅದರ ಚಿತ್ರ ಮಾತ್ರ ಪ್ರಯಾಣ ಮಾಡುತ್ತದೆ. 2002ರ ತಿದ್ದುಪಡಿ ಈ ಚಿತ್ರವನ್ನೂ ಚೆಕ್ಕಿನ ವ್ಯಾಖ್ಯೆಯೊಳಗೆ ತಂದಿತು. ಹಣ ಕೊಡುವ ಬ್ಯಾಂಕಿಗೆ ಅನುಮಾನ ಬಂದರೆ ಹೆಚ್ಚಿನ ಮಾಹಿತಿಯನ್ನೂ ಮೂಲ ಕಾಗದವನ್ನೂ ಕೇಳುವ ಹಕ್ಕನ್ನು ಕಲಂ 64 ಕೊಟ್ಟಿದೆ, ಮತ್ತು ಕಾಗದವನ್ನು ಕೈಯಲ್ಲಿ ಹಿಡಿದಿರುವ ಬ್ಯಾಂಕಿನ ಮೇಲೆ ಅದರ ಅಸಲಿತನವನ್ನು ಪರಿಶೀಲಿಸುವ ಹೊಣೆಯನ್ನು ಕಲಂ 131ರ ವಿವರಣೆ ಹೊರಿಸಿದೆ. ತಿದ್ದಿದ ಚೆಕ್ಕುಗಳನ್ನು, ದಿನಾಂಕದ ವಿಷಯವೊಂದನ್ನು ಬಿಟ್ಟರೆ, ಈ ಕ್ಲಿಯರಿಂಗಿನಲ್ಲಿ ತೆಗೆದುಕೊಳ್ಳಬಾರದೆಂಬ ನಿಯಮ 2010ರ ಡಿಸೆಂಬರ್‌ನಿಂದ ಇದೆ. 2021ರ ಜನವರಿ 1ರಿಂದ ಪಾಸಿಟಿವ್ ಪೇ ಬಂದಿತು. 50,000 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ಚೆಕ್ ಬರೆದವರು ಅದರ ಸಂಖ್ಯೆ, ದಿನಾಂಕ, ಹೆಸರು, ಮೊತ್ತವನ್ನು ಮೊದಲೇ ತಮ್ಮ ಬ್ಯಾಂಕಿಗೆ ತಿಳಿಸಬಹುದು. 5 ಲಕ್ಷದಿಂದ ಮೇಲಿನದಕ್ಕೆ ಬ್ಯಾಂಕುಗಳು ಇದನ್ನು ಕಡ್ಡಾಯ ಮಾಡಬಹುದು. ಹೀಗೆ ತಿಳಿಸದ ಚೆಕ್ಕುಗಳನ್ನು ಕ್ಲಿಯರಿಂಗಿನೊಳಗಿನ ತಗಾದೆ ತೀರ್ಮಾನದ ವ್ಯವಸ್ಥೆಗೆ ತೆಗೆದುಕೊಳ್ಳುವುದಿಲ್ಲ. ಇದನ್ನೇ ಹಿಡಿದು, ಪಾಸಿಟಿವ್ ಪೇ ಮಾಡದವರಿಗೆ ಪರಿಹಾರವೇ ಇಲ್ಲ ಎಂದು ಹೇಳುವವರನ್ನು ಕೇಳಿದ್ದೇನೆ. ಆ ವ್ಯವಸ್ಥೆ ಕ್ಲಿಯರಿಂಗಿನ ಒಳಗಿನದು. ಅದರಿಂದ ನಕಲಿ ಸಹಿಯ ಬಗ್ಗೆ ಕಾಯ್ದೆ ಮತ್ತು ಸುಪ್ರೀಂ ಕೋರ್ಟ್ ಹೇಳಿದ ಮಾತು ಅಳಿದುಹೋಗುವುದಿಲ್ಲ.

2025ರ ಅಕ್ಟೋಬರ್ 4ರಿಂದ ಚೆಕ್ಕುಗಳನ್ನು ದಿನವಿಡೀ ನಿರಂತರವಾಗಿ ಕಳಿಸುವ ಕ್ರಮ ಶುರುವಾಯಿತು. ಆ ಮೊದಲ ಹಂತದಲ್ಲಿ ಚೆಕ್ ಬರೆದವರ ಬ್ಯಾಂಕು ಅಂದೇ ಸಂಜೆ 7ರೊಳಗೆ ಪಾಸೋ ವಾಪಸೋ ಹೇಳಬೇಕು, ಹೇಳದಿದ್ದರೆ ಪಾಸಾದಂತೆಯೇ ಲೆಕ್ಕ ಎಂಬ ನಿಯಮವಿತ್ತು. ರೈತರಿಗೂ ವರ್ತಕರಿಗೂ ಹಣ ಬೇಗ ಕೈಸೇರುವುದು ನಿಜಕ್ಕೂ ಸಂತೋಷದ ವಿಷಯ. ಆದರೆ ಹೀಗೆ ತಾನಾಗಿ ಪಾಸಾದ ಚೆಕ್ಕಿನಲ್ಲಿ ಸಹಿಯನ್ನು ಯಾರೂ ನೋಡಿರುವುದಿಲ್ಲ. ನೋಡದೆ ಕೊಟ್ಟದ್ದನ್ನು ಎಚ್ಚರದಿಂದ ಕೊಟ್ಟದ್ದು ಎಂದು ಕರೆಯಲು ಕಲಂ 10ರಲ್ಲಿ ಜಾಗವಿಲ್ಲವೆಂದು ನನಗೆ ತೋರುತ್ತದೆ. ಬ್ಯಾಂಕುಗಳ ನಡುವಿನ ಗಡುವು ಬ್ಯಾಂಕುಗಳಿಗೆ ಸಂಬಂಧಿಸಿದ್ದು, ಅದರ ಭಾರವನ್ನು ಖಾತೆದಾರರ ಮೇಲೆ ಇಳಿಸಬಾರದು.

ತಮ್ಮದಲ್ಲದ ಸಹಿಯ ಮೇಲೆ ಹಣ ಹೋಗಿದೆ ಎಂದು ಗೊತ್ತಾದವರು ಅಂದೇ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು, ಏಕೆಂದರೆ ತಿಳಿದ ಮೇಲೂ ಸುಮ್ಮನಿದ್ದರೆ ಮಾತ್ರ ಹಕ್ಕು ದುರ್ಬಲವಾಗುತ್ತದೆ. ಚೆಕ್ಕಿನ ಎರಡೂ ಮುಖಗಳ ಚಿತ್ರ ಮತ್ತು ಹಣ ಯಾವ ಖಾತೆಗೆ ಹೋಯಿತೆಂಬ ವಿವರವನ್ನು ಅದೇ ಅರ್ಜಿಯಲ್ಲಿ ಕೇಳಬೇಕು. ಮೂಲ ಕಾಗದವನ್ನು ಪಡೆದುಕೊಂಡ ಬ್ಯಾಂಕು 10 ವರ್ಷ ಕಾಪಾಡಬೇಕೆಂಬ ನಿಯಮವಿರುವುದರಿಂದ ಕೈಬರಹ ತಜ್ಞರಿಗೆ ತೋರಿಸಲು ಅದು ಸಿಗುತ್ತದೆ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಆದರೆ ವಂಚನೆಯ ಸಂಗತಿಗಳೇ ತೀವ್ರವಾಗಿ ವಿವಾದದಲ್ಲಿದ್ದಾಗ ಗ್ರಾಹಕ ಆಯೋಗದ ಸಂಕ್ಷಿಪ್ತ ವಿಚಾರಣೆ ಅದಕ್ಕೆ ತಕ್ಕ ವೇದಿಕೆಯಲ್ಲ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿರುವುದರಿಂದ ಸಹಿಯ ಜಗಳ ದೊಡ್ಡದಾಗಿದ್ದರೆ ಸಿವಿಲ್ ನ್ಯಾಯಾಲಯವೇ ಭದ್ರವಾದ ದಾರಿ.

ಸಂಘ ಸಂಸ್ಥೆಗಳವರಿಗೆ ಇನ್ನೊಂದು ಮಾತು. ಪದಾಧಿಕಾರಿಗಳು ಬದಲಾದ ದಿನವೇ ನಿರ್ಣಯದ ಪ್ರತಿ, ಹೊಸ ಮಾದರಿ ಸಹಿಗಳು ಮತ್ತು ಹಳಬರ ಸಹಿ ಇನ್ನು ನಡೆಯದು ಎಂಬ ಪತ್ರ, ಈ ಮೂರನ್ನೂ ಬ್ಯಾಂಕಿಗೆ ಕೊಟ್ಟು ಸೀಲು ಹಾಕಿಸಿಕೊಂಡ ಪ್ರತಿಯನ್ನು ನಡಾವಳಿ ಪುಸ್ತಕದಲ್ಲಿ ಅಂಟಿಸಿಡಬೇಕು. ಆ ಪತ್ರ ತಲುಪುವವರೆಗೆ ಹಳೆಯ ಖಜಾಂಚಿಯ ನಿಜವಾದ ಸಹಿಯೇ ಬ್ಯಾಂಕಿಗೆ ನಿಮ್ಮ ಆದೇಶವಾಗಿರುತ್ತದೆ, ಮತ್ತು ಆ ಅವಧಿಯಲ್ಲಿ ಪಾಸಾದ ಚೆಕ್ಕಿನ ಹೊಣೆಯನ್ನು ಬ್ಯಾಂಕಿನ ಮೇಲೆ ಹಾಕುವುದು ಸಾಧ್ಯವಾಗುವುದಿಲ್ಲ.